ಏಳು ಕಡಲಾಚೆಯ ಸಿಹಿ

ಕಂಪ್ಲಿ
14 ಡಿಸೆಂಬರ್ 1930

ಮರಿಸ್ವಾಮಿ,

'ಏಳು ಕಡಲಾಚೆ ಸಿಹಿಯಿಲ್ಲ.' ಬೆಲ್ಲದ ಪಾಕ ತಿರುವುತ್ತ ಅವ್ವ ಹಾಡುತ್ತಿದ್ದದ್ದು ಹೀಗೆಯೇ ತಾನೆ? ನಿನ್ನೆಯಿಂದ ನನಗೆ ಅನುಮಾನ ಹತ್ತಿದೆ. 'ಸಿಹಿಯಿಲ್ಲ' ಅನ್ನುತ್ತಿದ್ದಳೋ, 'ಸಿಹಿಯೆಲ್ಲ' ಅನ್ನುತ್ತಿದ್ದಳೋ? ಒಲೆಯ ಹೊಗೆಯಲ್ಲಿ ಅವಳ ಅರ್ಧ ಅಕ್ಷರ ಕೆಮ್ಮಿಗೇ ಹೋಗುತ್ತಿತ್ತು. ಮುಂದಿನ ಸಾಲಂತೂ ನನಗೆ ನೆನಪೇ ಇಲ್ಲ. 'ಇಲ್ಲ' ಎಂದಾದರೆ ಕಡಲಿನ ಆಚೆ ಏನೂ ಇಲ್ಲ, ಇರುವುದೆಲ್ಲ ನಮ್ಮ ಒಲೆಯ ಮುಂದೆಯೇ ಎಂದರ್ಥ. 'ಎಲ್ಲ' ಎಂದಾದರೆ ಸಿಹಿಯೆಲ್ಲ ಆಚೆ ಇದೆ, ನಾವು ಇಲ್ಲಿ ಹೊಗೆ ಕುಡಿಯುತ್ತಿದ್ದೇವೆ ಎಂದರ್ಥ. ಒಂದು ಅಕ್ಷರಕ್ಕೆ ಇಷ್ಟು ದೂರ! ಅವಳನ್ನೇ ಕೇಳೋಣವೆಂದರೆ ಅವಳು ಹೋಗಿ ಮೂರು ವರ್ಷವಾಯಿತು.

ಈಗ ಯಾಕೆ ಈ ಮಾತೆಂದರೆ, ನಿನ್ನೆ ಈ ಸುಗ್ಗಿಯ ಮೊದಲ ಬೆಲ್ಲದ ಚಕ್ಕಡಿ ಹೊಡೆದುಕೊಂಡು ಹೊಸಪೇಟೆಗೆ ಹೋಗಿದ್ದೆ. ನಮ್ಮ ಬೆಲ್ಲವನ್ನು ಇಪ್ಪತ್ತು ವರ್ಷದಿಂದ ಕೊಳ್ಳುವ ಕೊಟ್ರಯ್ಯನವರು ಯಾವಾಗಲೂ ಒಂದು ಅಚ್ಚು ಮುರಿದು, ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚುತ್ತಾರೆ. ನಿನ್ನೆ ಮುರಿಯಲೇ ಇಲ್ಲ.

"ಚೆನ್ನಬಸವ್ವಾ, ಮಣಕ್ಕ ಎಂಟಾಣೆ ಇಳಿಸಬೇಕಾಗ್ತೈತಿ" ಅಂದರು.

"ಯಾಕ್ರೀ, ಬೆಲ್ಲ ಕೆಟ್ಟೈತೇನು?"

"ಬೆಲ್ಲ ಬಂಗಾರ ಐತಿ. ಆದ್ರ ಜಾವಾ ಇಳಿಸ್ಯಾನಲ್ಲ! ಅವ ಇಳಿಸಿದ ಮ್ಯಾಲ ನಾ ಏನ್ ಮಾಡ್ಲಿ?"

ಈ ಜಾವಾ ಅನ್ನುವವನು ಯಾರು? ಹೆಸರು ಕೇಳಿದರೆ ನಮ್ಮ ಕಡೆಯವನಲ್ಲ. ಗುಜರಾತಿಯೋ, ಮಾರ್ವಾಡಿಯೋ? ಅವನ ಸರಕು ಮದರಾಸಿನಿಂದ ಬರುತ್ತದಂತೆ. ನೀನು ಅಲ್ಲೇ ಇದ್ದೀಯ. ಒಂದು ಭಾನುವಾರ ಬಿಡುವು ಮಾಡಿಕೊಂಡು ಅವನ ಅಂಗಡಿಗೆ ಹೋಗು. ನಮ್ಮಕ್ಕ ಹೇಳಿ ಕಳಿಸಿದ್ದಾಳೆ ಎಂದು ಹೇಳು. ಬಳ್ಳಾರಿ, ಗುಂತಕಲ್ಲು, ಬೇಕಾದರೆ ಆದವಾನಿ ಎಲ್ಲ ಅವನೇ ಇಟ್ಟುಕೊಳ್ಳಲಿ. ಕಂಪ್ಲಿ, ಕಮಲಾಪುರ, ಹೊಸಪೇಟೆ ನನಗೆ ಬಿಡಲಿ. ಅಷ್ಟು ದೊಡ್ಡ ವ್ಯಾಪಾರಿಗೆ ಮೂರು ಊರು ಬಿಡುವುದು ದೊಡ್ಡದಲ್ಲ. ಮರ್ಯಾದೆಯಿಂದಲೇ ಕೇಳು.

ಬರುವಾಗ ಕೊಟ್ರಯ್ಯನವರು ಇನ್ನೊಂದು ಮಾತು ಅಂದರು. "ಗಾಣ ನಿಲ್ಲಿಸೋ ಹಂಗಿದ್ರ ಮೊದ್ಲ ನಂಗ ಹೇಳು. ಆ ಕಡಾಯಿ ಕಬ್ಬಿಣದ ತೂಕಕ್ಕ ನಾನ ತಗೊಂತೀನಿ." ಅವ್ವನ ಕಡಾಯಿ! ಸಂಡೂರಿನ ಕಮ್ಮಾರರು ಬಡಿದದ್ದು. ಅದು ಹೋದರೆ ಗಾಣದ ಎಂಟು ಮಂದಿ ಎಲ್ಲಿಗೆ ಹೋಗಬೇಕು? ನಾನು ಯಾವುದರ ಮುಂದೆ ಕೂರಬೇಕು? ದಾರಿಯುದ್ದಕ್ಕೂ ಆ ಹಾಡು ಬಾಯಲ್ಲಿ ತಿರುಗಿತು, ಆ ಒಂದು ಅಕ್ಷರಕ್ಕೆ ಬಂದು ನಿಂತಿತು.

ನೀನು ಹಡಗಿನ ಆಫೀಸಿನಲ್ಲಿ ಏನು ಕೆಲಸ ಮಾಡುತ್ತೀ ಎಂದು ಊರಲ್ಲಿ ಕೇಳುತ್ತಾರೆ. ಒಂದು ಸಾಲು ಸರಿಯಾಗಿ ಬರೆ.

ನಿನ್ನಕ್ಕ
ಚೆನ್ನಬಸಮ್ಮ


ಮದರಾಸು
22 ಡಿಸೆಂಬರ್ 1930

ಅಕ್ಕಾ,

ನಿನ್ನ ಕಾಗದ ಓದಿ ನಾನು ನಕ್ಕ ಸದ್ದಿಗೆ ಪಕ್ಕದ ಮೇಜಿನ ಪಿಳ್ಳೆಯವರು ನೀರು ತಂದುಕೊಟ್ಟರು. ಜಾವಾ ಮನುಷ್ಯನಲ್ಲ, ಒಂದು ದ್ವೀಪ. ಸಮುದ್ರದಲ್ಲಿ ಹಲವು ದಿನದ ದಾರಿ. ಆಳುವವರು ಡಚ್ಚರು. ಅಲ್ಲಿ ಕಣ್ಣು ಹಾಯುವಷ್ಟೂ ಕಬ್ಬು, ವಿರೂಪಾಕ್ಷ ಗುಡಿಯ ಗೋಪುರದಷ್ಟು ಎತ್ತರದ ಯಂತ್ರಗಳು. ಈ ಕಡೆ ಕಬ್ಬು ಹಾಕಿದರೆ ಆ ಕಡೆ ಮಲ್ಲಿಗೆ ಮೊಗ್ಗಿನಂತೆ ಸಕ್ಕರೆ ಬೀಳುತ್ತದೆ. ಈ ವರ್ಷ ಪ್ರಪಂಚದಲ್ಲಿ ತಿನ್ನುವ ಬಾಯಿಗಿಂತ ಸಕ್ಕರೆಯೇ ಹೆಚ್ಚಾಗಿದೆ. ಅವರ ಮನೆಯಲ್ಲಿ ಮಾರಾಟವಾಗದೆ ಉಳಿದದ್ದು, ಎಲ್ಲಿ ಬಂದರು ತೆರೆದಿದೆಯೋ ಅಲ್ಲಿಗೆ ಬರುತ್ತದೆ, ಸಿಕ್ಕ ದರಕ್ಕೆ ಹೋಗುತ್ತದೆ. ಸಕ್ಕರೆ ಅಷ್ಟು ಅಗ್ಗವಾದ ಮೇಲೆ ಬೆಲ್ಲ ತಿನ್ನುವವನೂ ಒಮ್ಮೆ ಯೋಚಿಸುತ್ತಾನೆ. ಕೊಟ್ರಯ್ಯನವರು ಸುಳ್ಳು ಹೇಳಿಲ್ಲ. ಇದನ್ನೆಲ್ಲ ನಾನು ಪತ್ರಿಕೆಯಲ್ಲಿ ಓದಿದ್ದು.

ಮೂರು ಊರು ಬಿಟ್ಟುಕೊಡಿ ಎಂದು ಒಂದು ದ್ವೀಪವನ್ನು ಕೇಳುವುದು ಹೇಗೆ?

ಉಪಾಯ ಒಂದೇ. ಅವರಂತೆಯೇ ಮಾಡಬೇಕು. ಹೆಚ್ಚು ಮಾಡಿದರೆ ಒಂದೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ, ಆಗ ಎಂಟಾಣೆ ಇಳಿಸಿದರೂ ನಿನಗೆ ನಷ್ಟವಿಲ್ಲ. ಜಾವಾದಲ್ಲಿ ಒಲೆ ಆರುವುದೇ ಇಲ್ಲವಂತೆ. ನೀನು ದಿನಕ್ಕೆ ಏಳು ಕಡಾಯಿ ಪಾಕ ಇಳಿಸಿ ಕೈ ತೊಳೆದುಕೊಂಡರೆ ಹೇಗೆ? ಎತ್ತು ದಣಿಯುತ್ತವೆಂದು ಅವ್ವ ಏಳಕ್ಕೆ ನಿಲ್ಲಿಸುತ್ತಿದ್ದಳು ಎಂದು ಕಾಣುತ್ತದೆ. ಕಬ್ಬು ಹಿಂಡುವುದನ್ನು ಮುಂಜಾನೆಯೇ ಮುಗಿಸಿಬಿಡು, ಹಿಂಡಿದ ಕಬ್ಬಿನಹಾಲು ತೊಟ್ಟಿಯಲ್ಲಿರಲಿ, ಹೊತ್ತು ಮುಳುಗುವವರೆಗೆ ಕುದಿಸು. ಹನ್ನೊಂದು ಕಡಾಯಿ ಕಷ್ಟವಲ್ಲ.

ಹಾಡಿನ ವಿಷಯ: ನನಗೆ ನೆನಪಿರುವುದು 'ಸಿಹಿಯೆಲ್ಲ'. ಖಂಡಿತ.

ನನ್ನ ಕೆಲಸ ಹಡಗಿನ ಕಾಗದ ನೋಡುವುದು. ಊರಲ್ಲಿ 'ಕಾಗದ ನೋಡುತ್ತಾನೆ' ಎಂದರೆ ಸಾಕು.

ನಿನ್ನ ತಮ್ಮ
ಮರಿಸ್ವಾಮಿ


ಕಂಪ್ಲಿ
11 ಜನವರಿ 1931

ಮರಿಸ್ವಾಮಿ,

ದ್ವೀಪವೇ ಆಗಲಿ, ಪರ್ವತವೇ ಆಗಲಿ, ದರ ಇಳಿಸುವುದು ಮನುಷ್ಯನ ಬುದ್ಧಿ. ಆದ್ದರಿಂದ ನಾನು ಜಾವಾ ಬಂದ, ಜಾವಾ ಹೋದ ಎಂದೇ ಬರೆಯುತ್ತೇನೆ. ನೀನು ನಗು. ಪಿಳ್ಳೆಯವರ ಬಳಿ ನೀರಿದೆಯಲ್ಲ.

ಹನ್ನೊಂದು ಕಡಾಯಿ ಶುರುವಾಗಿದೆ. ನಿನ್ನ ಭಾವ ದೊಡ್ಡಬಸಪ್ಪನವರಿಗೆ ಎಣಿಸುವ ಕೆಲಸ. ಗೋಡೆಗೆ ಇದ್ದಿಲಿನಿಂದ ಗೀಟು ಹಾಕುತ್ತಾರೆ. ಗೋಡೆ ಈಗ ಹುಲಿಯ ಮೈಯಂತಿದೆ. ಅವರು ಮೊನ್ನೆ ಹೊಸಪೇಟೆಗೆ ಹೋದವರು ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಕಾಫಿ ಕುಡಿದು ಬಂದರು. ಬಂದವರು ಸುಮ್ಮನಿರಬಾರದೇ?

"ಅಲ್ಲಿ ಕಾಫಿ ಹೆಂಗಿತ್ತಂತಿ! ಬಟ್ಟಲದ ತಳದಾಗ ಮಣ್ಣು ನಿಲ್ಲಂಗಿಲ್ಲ, ಕಸ ಇಲ್ಲ. ನಮ್ಮನ್ಯಾಗೂ ಒಂದ್ ಸ್ವಲ್ಪ ಆ ಬಿಳೀದು..."

"ಬೆಲ್ಲ ಮಾಡೋ ಮನ್ಯಾಗ ಕುಂತು ಜಾವಾನ ಕಾಫಿ ಕುಡೀತೀರಿ?"

"ನೋಡು, ಸಂಡೂರಿನ ಮ್ಯಾಂಗನೀಸ್ ಕಲ್ಲು ಹಡಗು ಹತ್ತಿ ಪರದೇಶಕ್ಕ ಹೊಕ್ಕೈತಿ. ಪರದೇಶದ ಸಕ್ರಿ ಹಡಗು ಹತ್ತಿ ಇಲ್ಲಿಗೆ ಬರ್ತೈತಿ. ನಾವು ಕಲ್ಲು ಕೊಟ್ಟು ಸಕ್ರಿ ತಿಂದ್ರ, ಮೋಸ ಹೋದವರು ಯಾರು ಹೇಳು?"

ಮೂರು ದಿನ ಅವರಿಗೆ ಸಕ್ಕರೆಯೂ ಇಲ್ಲದ, ಬೆಲ್ಲವೂ ಇಲ್ಲದ ಕಾಫಿ ಕೊಟ್ಟೆ. ನಾಲ್ಕನೆಯ ದಿನ ತಾವೇ ಒಂದು ಅಚ್ಚು ಒಡೆದು ತಂದರು.

ಒಂದು ಬೇಸರದ ಸಂಗತಿ. ಪಕ್ಕದ ಮನೆಯ ಹೊಳೆಮ್ಮ ನಿನಗೆ ಗೊತ್ತೇ ಇದೆ, ಮೂವತ್ತು ವರ್ಷ ಅವ್ವನ ಜೊತೆ ಪಾಕ ತಿರುವಿದವಳು. ಮೊದಲ ದಿನ ಎಂಟನೆಯ ಕಡಾಯಿ ಒಲೆಗೆ ಏರಿಸಿದಾಗ "ಎಷ್ಟನೇದವ್ವಾ ಇದು?" ಅಂದಳು. ಎಂಟನೆಯದು ಅಂದೆ. ಕೈಯಲ್ಲಿದ್ದ ಸಟ್ಟುಗ ತೊಳೆದು ಗೋಡೆಗೆ ಒರಗಿಸಿದಳು. "ನಾ ಏಳಕ್ಕ ಬರಾಕಿ, ಎಂಟಕ್ಕಲ್ಲ. ನಿಮ್ಮವ್ವನ ಮಾತು ಮರ್ತಿ ಬಿಡು" ಅಂದು ಹೊರಟೇಬಿಟ್ಟಳು. ಈಗ ಬಾವಿಯ ಹತ್ತಿರ ಸಿಕ್ಕರೆ ಕೊಡ ಇರುವ ಕಡೆಗೆ ಮುಖ ತಿರುಗಿಸುತ್ತಾಳೆ. ಕೂಲಿ ಹೆಚ್ಚು ಕೇಳುವ ಉಪಾಯವಿರಬೇಕು. ನಾನೂ ಕರೆಯಲಿಲ್ಲ.

ಹಾಡು 'ಸಿಹಿಯಿಲ್ಲ' ಎಂದೇ. ಮಗಳಿಗೆ ಗೊತ್ತಿರುತ್ತದೆ.

ಹಡಗಿನಲ್ಲಿ ಯಾವ ಸಾಮಾನು ಬರುತ್ತದೆ? ಅದನ್ನೂ ಬರೆ.

ಚೆನ್ನಬಸಮ್ಮ


ಮದರಾಸು
3 ಫೆಬ್ರವರಿ 1931

ಅಕ್ಕಾ,

ಅವಸರದಲ್ಲಿ ನಾಲ್ಕೇ ಸಾಲು. ಕೆಲಸ ಹೆಚ್ಚಾಗಿದೆ. ಸಾಹೇಬರು ಮೆಚ್ಚಿ ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ತರಿಸಿದ್ದಾರೆ. ಸಮುದ್ರ ಕಾಣುತ್ತದೆ. ನಮ್ಮ ಹೊಳೆಯಲ್ಲಿ ಸಂತೆಯ ದಿನ ಹರಗೋಲುಗಳು ಸಾಲು ನಿಲ್ಲುವಂತೆ ಹಡಗುಗಳು ನಿಂತಿವೆ. ಸಾಮಾನು ಯಾವುದೆಂದು ಕೇಳಿದ್ದೀಯ. ನಾನಾ ಬಗೆ.

ಹನ್ನೊಂದು ಕಡಾಯಿಯ ಬೆಲ್ಲ ಹೇಗಿದೆ?

ಮರಿಸ್ವಾಮಿ


ಕಂಪ್ಲಿ
18 ಫೆಬ್ರವರಿ 1931

ಶ್ರೀಮಾನ್ ಮರಿಸ್ವಾಮಿಯವರ ಸನ್ನಿಧಿಗೆ,

ತಾವು ಕ್ಷೇಮವಾಗಿದ್ದೀರೆಂದು ಮೂಟೆಗಳ ಮೇಲಿನ ತಮ್ಮ ಅಕ್ಷರದಿಂದ ತಿಳಿಯಿತು.

ಮೊನ್ನೆ ಕೊಟ್ರಯ್ಯನವರ ಅಂಗಡಿಯಲ್ಲಿ ಜಾವಾ ಸಕ್ಕರೆಯ ನಲವತ್ತು ಮೂಟೆ ಇಳಿಯುತ್ತಿದ್ದವು. ಪ್ರತಿಯೊಂದು ಮೂಟೆಯ ಮೂಲೆಯಲ್ಲಿ ನೀಲಿ ಮಸಿಯಲ್ಲಿ ಒಂದು 'ಮ'. ಬಾಲ ಚೇಳಿನ ಹಾಗೆ ಮೇಲಕ್ಕೆ ಸುತ್ತಿಕೊಂಡ 'ಮ'. ಈ ಭೂಮಿಯ ಮೇಲೆ ಅಂಥ 'ಮ' ಬರೆಯುವವರು ಒಬ್ಬರೇ. ಅದಕ್ಕಾಗಿ ಅವರು ಕಂಪ್ಲಿ ಶಾಲೆಯಲ್ಲಿ ಮೂರು ಸಲ ಏಟು ತಿಂದಿದ್ದಾರೆ. ಬಾಲ ಇಳಿಸಪ್ಪಾ ಎಂದು ಅವರಕ್ಕ ಹೊಳೆಯ ಮರಳಿನಲ್ಲಿ ಕೈ ಹಿಡಿದು ತಿದ್ದಿಸಿದ್ದಾಳೆ. ನಲವತ್ತು ಮೂಟೆಗೂ ತಮ್ಮ ಆಶೀರ್ವಾದವಿತ್ತು. ತಮ್ಮ ಕಿಟಕಿಯಿಂದ ಸಮುದ್ರ ಯಾಕೆ ಅಷ್ಟು ಚೆನ್ನಾಗಿ ಕಾಣುತ್ತದೆಂದು ಈಗ ತಿಳಿಯಿತು.

ತಾವು ವಿಚಾರಿಸಿದ ಹನ್ನೊಂದು ಕಡಾಯಿಯ ಬೆಲ್ಲ ಅಚ್ಚಿನಲ್ಲಿ ನಿಲ್ಲಲಿಲ್ಲ. ಮೊದಮೊದಲು ಇಳಿಸಿದ್ದು ಒಳ್ಳೆಯದು, ಆಮೇಲಿನದು ಬೆವರುತ್ತದೆ. ಎರಡನ್ನೂ ಕೂಡಿಸಿ ಚಕ್ಕಡಿಗೆ ಹಾಕಿದ್ದರಿಂದ ಯಾವುದು ಯಾವುದೆಂದು ತಿಳಿಯದೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡವು. ಕೊಟ್ರಯ್ಯನವರು ಬೆರಳಿನಿಂದ ಎತ್ತಿದರು. ಅದು ಬೆರಳಿನಿಂದ ಇಳಿಯಿತು.

"ಇದನ್ನ ತಕ್ಕಡ್ಯಾಗ ಇಡ್ಲೋ, ಚೊಂಬಿನ್ಯಾಗ ಹಾಕ್ಲೋ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಿಮ್ಮ ಭಾವನೂ ನಕ್ಕರು, ಆಮೇಲೆ ನನ್ನ ಮುಖ ನೋಡಿ ಕೆಮ್ಮಿದರು. ಕಡಾಯಿಯ ತೂಕ ಎಷ್ಟೆಂದು ಕೊಟ್ರಯ್ಯನವರು ಮತ್ತೆ ಕೇಳಿದರು.

ತಮ್ಮ ಸಲಹೆಗೆ ವಂದನೆಗಳು.

ಇಂತಿ, ತಮ್ಮ ಮಾಲೀಕರ ಎದುರಾಳಿ
ಚೆನ್ನಬಸಮ್ಮ


ಮದರಾಸು
8 ಮಾರ್ಚ್ 1931

ಅಕ್ಕಾ,

'ಶ್ರೀಮಾನ್' ಎಂಬ ಒಂದು ಮಾತಿಗೆ ನಾನು ಎರಡು ದಿನ ಊಟ ಮಾಡಲಿಲ್ಲ. ಎರಡನೆಯ ದಿನ ಸಂಜೆ ಮಾಡಿದೆ. ಇನ್ನು ಸುಳ್ಳು ಹೇಳುವುದಿಲ್ಲ.

ನಾಲ್ಕು ವರ್ಷದಿಂದ ನನ್ನ ಕೆಲಸ ಇದೇ. ಮೂಟೆ ಹಡಗಿನಿಂದ ಇಳಿಯುತ್ತದೆ, ನಾನು ಎಣಿಸುತ್ತೇನೆ, ಗುರುತು ಹಾಕುತ್ತೇನೆ. ಕನ್ನಡದಲ್ಲಿ ಹಾಕಿದರೆ ಬೇರೆ ಯಾರಿಗೂ ತಿದ್ದಲು ಬರುವುದಿಲ್ಲ ಎಂಬ ಜಾಣತನ. ಆ ಮೂಟೆ ನಿನ್ನ ಕಣ್ಣಿಗೇ ಬೀಳುತ್ತದೆ ಎಂದು ಹೊಳೆಯಲಿಲ್ಲ. ಮದರಾಸಿನಲ್ಲಿ ಇಳಿದದ್ದು ಎಲ್ಲೋ ಹೋಗುತ್ತದೆ ಎಂದುಕೊಂಡಿದ್ದೆ, ಎಲ್ಲೋ ಎಂದರೆ ನಮ್ಮೂರು ಎಂದುಕೊಂಡಿರಲಿಲ್ಲ. 'ಹನ್ನೊಂದು ಕಡಾಯಿ ಮಾಡು' ಎಂದು ನಿನಗೆ ಬರೆಯುವಾಗ ನಾನು ಕೂತಿದ್ದದ್ದೂ ಸಕ್ಕರೆ ಮೂಟೆಯ ಮೇಲೆಯೇ. ಒಂದು ಹರಳನ್ನೂ ಬಾಯಿಗೆ ಹಾಕಿಲ್ಲ ಎಂದು ಬರೆದು, ಆಮೇಲೆ ಆ ಸಾಲು ಹೊಡೆದುಹಾಕಿದ್ದೇನೆ. ಬಾಯಿಗೆ ಹಾಕಿದ್ದೇನೆ.

ಈಗ ಎರಡು ಸುದ್ದಿ. ಮೊದಲನೆಯದು: ದಿಲ್ಲಿಯವರು ಪರದೇಶದ ಸಕ್ಕರೆಯ ಮೇಲೆ ಸುಂಕ ಏರಿಸಿದ್ದಾರೆ. ಇನ್ನೂ ಏರಬಹುದಂತೆ. ಬಂದರಿನಲ್ಲಿ ಒಂದು ಗೋಡೆ ಎದ್ದ ಹಾಗೆ ಎಂದು ತಿಳಿ. ಇಲ್ಲಿ ಎಲ್ಲರ ಮುಖ ಸಣ್ಣದಾಗಿದೆ. ನಿನ್ನ ಕಡಾಯಿ ಮಾರಬೇಡ.

ಎರಡನೆಯದು ಇದಕ್ಕಿಂತ ದೊಡ್ಡದು. ನಾನು ಊರು ಬಿಡುವಾಗ ಅವ್ವ ಕೊಟ್ಟ ಬೆಲ್ಲದ ಅಚ್ಚುಗಳಲ್ಲಿ ಒಂದು ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ನಿನ್ನ ಕಾಗದ ಬಂದ ದಿನ ತೆಗೆದು ನೋಡಿದೆ. ಮದರಾಸಿನ ಉಪ್ಪುಗಾಳಿಯಲ್ಲಿ ನಾಲ್ಕು ವರ್ಷ ಕೂತರೂ ಅದು ಕಲ್ಲಿನ ಹಾಗಿದೆ! ಮೈಲಾಪುರದಲ್ಲಿ ಲೇಹ್ಯ ಮಾಡುವ ಒಬ್ಬ ಮುದುಕರಿದ್ದಾರೆ. ಅವರಿಗೆ ತೋರಿಸಿದೆ. ಅವರು ತಿನ್ನಲಿಲ್ಲ. ಉಗುರಿನಿಂದ ಬಾರಿಸಿ ಕಿವಿಗೆ ಹಿಡಿದರು. ಲೇಹ್ಯಕ್ಕೆ ಸಕ್ಕರೆ ಹಾಕಿದರೆ ಹರಳುಗಟ್ಟುತ್ತದೆ, ಇಂಥ ಬೆಲ್ಲ ಸಿಗದೆ ತಮ್ಮ ವ್ಯಾಪಾರ ನಿಂತಿದೆ ಎಂದರು. ಹೀಗೆಯೇ ಸದ್ದು ಬರುವ ಬೆಲ್ಲ ಕೊಟ್ಟರೆ ಕೊಟ್ರಯ್ಯನವರ ಹಳೆಯ ದರಕ್ಕಿಂತ ಹೆಚ್ಚು ಕೊಟ್ಟು ವರ್ಷವೂ ಕೊಳ್ಳುತ್ತಾರಂತೆ. ಜಾವಾಕ್ಕೂ ಅವರಿಗೂ ಸಂಬಂಧವೇ ಇಲ್ಲ. ನೂರು ಅಚ್ಚು ಮಾದರಿ ಕಳಿಸು.

ನಿನ್ನ ತಮ್ಮ (ದಯವಿಟ್ಟು ಬರೀ ತಮ್ಮ)
ಮರಿಸ್ವಾಮಿ


ಕಂಪ್ಲಿ
27 ಮಾರ್ಚ್ 1931

ತಮ್ಮಾ,

ಸರಿ, ತಮ್ಮಾ ಎಂದೇ ಬರೆದಿದ್ದೇನೆ. ಆದರೆ ಮರೆತಿಲ್ಲ.

ಬಂದರಿನ ಗೋಡೆ ಎಷ್ಟು ಎತ್ತರ ಎಂದು ನಿನ್ನ ಭಾವ ಕೇಳುತ್ತಿದ್ದಾರೆ. ಹಂಪಿಯ ಕೋಟೆಯಷ್ಟಿದ್ದರೆ ಒಳ್ಳೆಯದು ಎಂದರು. ಆಮೇಲೆ, ಅದೂ ಉಳಿಯಲಿಲ್ಲವಲ್ಲ ಎಂದು ತಾವೇ ಉತ್ತರ ಹೇಳಿಕೊಂಡರು. ಸುಂಕ ಎಂದರೆ ಗೋಡೆಯಲ್ಲ, ನಮ್ಮ ಬೆಲ್ಲ ಹರಗೋಲಿನಲ್ಲಿ ನಿಜಾಮರ ದಡಕ್ಕೆ ಹೋದಾಗ ಅಲ್ಲಿಯ ಕಟ್ಟೆಯವರು ಕೈಚಾಚುತ್ತಾರಲ್ಲ, ಅದು ಎಂದೆ. ಆಗ ತಿಳಿಯಿತು.

ನಾನು ಯೋಚಿಸಿದೆ. ಏಳು ನಿನ್ನ ಲೆಕ್ಕಕ್ಕೆ ಕಡಿಮೆ, ಹನ್ನೊಂದು ಬೆಲ್ಲದ ಲೆಕ್ಕಕ್ಕೆ ಹೆಚ್ಚು. ನಡುವೆ ಒಂಬತ್ತು ಎಂದು ಇಟ್ಟುಕೊಂಡಿದ್ದೇನೆ. ಇಬ್ಬರಿಗೂ ಅನ್ಯಾಯವಿಲ್ಲ. ನೂರು ಅಚ್ಚು ಬಾಳೆಯ ಒಣ ಪಟ್ಟೆಯಲ್ಲಿ ಸುತ್ತಿ, ದರೋಜಿ ಸ್ಟೇಷನ್ನಿನಿಂದ ಪಾರ್ಸೆಲ್ ಮಾಡಿಸಿದ್ದೇನೆ. ಹೊಸದಾಗಿರಲಿ ಎಂದು ದಿನದ ಕೊನೆಯ ಎರಡು ಕಡಾಯಿಯದನ್ನೇ ಆರಿಸಿದ್ದೇನೆ. ಮುದುಕರಿಗೆ ನನ್ನ ನಮಸ್ಕಾರ ಹೇಳು.

ಚೆನ್ನಬಸಮ್ಮ


ಮದರಾಸು
6 ಏಪ್ರಿಲ್ 1931

ಅಕ್ಕಾ,

ಪಾರ್ಸೆಲ್ ಬಂತು. ಪಾರ್ಸೆಲ್ ಆಫೀಸಿನವರು ರಸೀದಿಯಲ್ಲಿ 'ನೂರು ಅಚ್ಚು' ಎಂಬುದನ್ನು ಹೊಡೆದುಹಾಕಿ 'ಒಂದು' ಎಂದು ಬರೆದಿದ್ದರು. ನಾನು ಜಗಳಕ್ಕೆ ನಿಂತೆ. ಪೆಟ್ಟಿಗೆ ತೆರೆದ ಮೇಲೆ ಸಹಿ ಹಾಕಿದೆ. ಗುಂತಕಲ್ಲಿನಿಂದ ಮದರಾಸಿನವರೆಗೆ ಎಷ್ಟು ಇರುವೆಗಳಿವೆಯೋ ಅಷ್ಟೂ ಅದೇ ಡಬ್ಬಿಯಲ್ಲಿ ಟಿಕೇಟಿಲ್ಲದೆ ಬಂದಿದ್ದವು.

ಆದರೂ ಹೊತ್ತುಕೊಂಡು ಹೋದೆ. ಮುದುಕರು ಬಾರಿಸಲು ಹೋದರು, ಉಗುರು ಒಳಗೆ ಇಳಿಯಿತು. ನೆಕ್ಕಿ ನೋಡಿ, "ಹೊಲ ಅದೇ, ಕೈ ಬೇರೆ" ಎಂದರು. ಒಳ್ಳೆಯವರು, ಬೈಯಲಿಲ್ಲ. ಮುಂದಿನ ಸುಗ್ಗಿಯವರೆಗೆ ಕಾಯುತ್ತಾರಂತೆ. ಅದರ ಮೇಲೆ ಇಲ್ಲ.

ಅವ್ವ ಏನು ಮಾಡುತ್ತಿದ್ದಳು? ಸುಣ್ಣದ ತಿಳಿ ಹೆಚ್ಚು ಹಾಕುತ್ತಿದ್ದಳೇ? ಬೇರೆ ಸೊಪ್ಪು ಹಾಕುತ್ತಿದ್ದಳೇ? ಹೊಳೆಮ್ಮನನ್ನು ಕೇಳು. ನಿನಗೆ ಆಗುವುದಿಲ್ಲವೆಂದು ಗೊತ್ತು, ಆದರೂ ಕೇಳು.

ಮರಿಸ್ವಾಮಿ


ಮದರಾಸು
2 ಡಿಸೆಂಬರ್ 1931

ಅಕ್ಕಾ,

ಎಂಟು ತಿಂಗಳು ಇಬ್ಬರೂ ಬರೆಯಲಿಲ್ಲ. ನೀನು ಹೊಳೆಮ್ಮನನ್ನು ಕೇಳಲಿಲ್ಲ ಎಂದು ಅದರಿಂದಲೇ ತಿಳಿಯಿತು.

ನಿನಗೆ ಒಳ್ಳೆಯ ಸುದ್ದಿ. ಸುಂಕ ಮತ್ತೆ ಏರಿದೆ. ಜಾವಾ ಮೂಟೆ ಬಹಳ ಕಡಿಮೆಯಾಗಿದೆ. ಬೆಳಿಗ್ಗೆ ಎಣಿಸಲು ಕೂತರೆ ಹತ್ತು ಗಂಟೆಗೆ ಮುಗಿಯುತ್ತದೆ. ಆಮೇಲೆ ನಾನು ಪಿಳ್ಳೆಯವರನ್ನು ನೋಡುತ್ತೇನೆ, ಅವರು ನನ್ನನ್ನು ನೋಡುತ್ತಾರೆ.

ನನ್ನ ಬಗ್ಗೆ ವಿಶೇಷವೇನಿಲ್ಲ. ಮೇಜನ್ನು ಕಿಟಕಿಯಿಂದ ತೆಗೆದು ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಅಲ್ಲಿ ತಂಪಾಗಿದೆ. ಗೋಡೆಗೆ ಎರಡು ಮಗ್ಗುಲು ಇರುತ್ತವೆ ಎಂದು ಭಾವನಿಗೆ ಹೇಳು.

ಲೇಹ್ಯದ ಮುದುಕರು ಸಂಕ್ರಾಂತಿ ಯಾವಾಗ ಎಂದು ಕೇಳಿದರು.

ಮರಿಸ್ವಾಮಿ


ಕಂಪ್ಲಿ
31 ಜನವರಿ 1932

ತಮ್ಮಾ,

ಕೊಟ್ರಯ್ಯನವರ ಚಕ್ಕಡಿ ನಮ್ಮ ಮನೆಗೆ ಬಂದು ಖಾಲಿ ಹಿಂದಿರುಗಿತು. ಯಾಕೆಂದು ಕೊನೆಗೆ ಬರೆಯುತ್ತೇನೆ. ನಡೆದದ್ದನ್ನು ನಡೆದ ಹಾಗೆ ಬರೆಯದಿದ್ದರೆ ನನಗೇ ಗೊಂದಲವಾಗುತ್ತದೆ.

ಜಾವಾ ದೂರವಾದ ಮೇಲೆ ಸಕ್ಕರೆಯ ದರ ಏರಿತು, ಬೆಲ್ಲವೂ ಹಿಂದೆಯೇ ಏರಿತು. ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಕೋಟು ಹಾಕಿದ ಇಬ್ಬರು ಕಮಲಾಪುರದಿಂದ ಕಂಪ್ಲಿಯವರೆಗೆ ಕಾಲುವೆಯ ಗುಂಟ ಗದ್ದೆ ಗದ್ದೆ ತಿರುಗಿದರು. ಹೊಸಪೇಟೆಯ ಕಡೆ ಸಕ್ಕರೆ ಕಾರ್ಖಾನೆ ಮಾಡುವ ಮಾತು ನಡೆದಿದೆಯಂತೆ. ಆದರೆ ಕಬ್ಬು ಈಗಲೇ ಗೊತ್ತು ಮಾಡಿಕೊಳ್ಳಬೇಕು ಎಂದು ಒಳ್ಳೆಯ ದರ ಹೇಳಿ ಹೋದರು. ನಮ್ಮ ಗಾಣಕ್ಕೆ ಕಬ್ಬು ಕೊಡುತ್ತಿದ್ದವರೆಲ್ಲ ಈಗ ನನ್ನನ್ನು ಕಂಡರೆ ಆಕಾಶ ನೋಡುತ್ತಾರೆ. ಕೊಟ್ರಯ್ಯನವರೇ ಹೇಳಿದರು: "ಜಾವಾನ ಹೊರಗ ಹಾಕಾಕ ಗ್ವಾಡಿ ಕಟ್ಟಿದ್ರವ್ವಾ, ಈಗ ಗ್ವಾಡಿ ಒಳಗ ಇನ್ನೊಬ್ಬ ಜಾವಾನ ಹುಟ್ಟಿಸಾಕತ್ತಾರ. ಇವ ಬರಾಕ ಹಡಗೂ ಬ್ಯಾಡ."

ಸ್ವಂತ ಹೊಲದ ಕಬ್ಬು ಮಾತ್ರ ಉಳಿಯಿತು. ಅದರಲ್ಲೇ ಲೇಹ್ಯದವರ ಅಚ್ಚಿಗಾಗಿ ನಾಲ್ಕು ಸಲ ನೋಡಿದೆ. ಸುಣ್ಣ ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ, ಬೆಂಡೆ ಗಿಡ ಜಜ್ಜಿ ಹಾಕಿದೆ, ನಿನ್ನ ಭಾವನನ್ನು ಗಾಣದಿಂದ ದೂರ ಕಳಿಸಿ ನೋಡಿದೆ. ದಿನಕ್ಕೆ ಒಂಬತ್ತು ಕಡಾಯಿ ತಪ್ಪದೆ ಇಳಿಸಿದೆ. ಒಂಬತ್ತನ್ನೂ ಒಟ್ಟಿಗೆ ಪೇರಿಸಿದ್ದೆ, ಎಲ್ಲವೂ ಬೆವರಿದವು. ಕೊನೆಗೆ ನನಗೂ ಸಾಕಾಯಿತು. ಮುಂದಿನ ವರ್ಷದ ಕಬ್ಬನ್ನು ಕೋಟಿನವರಿಗೆ, ಕಡಾಯಿಯನ್ನು ಕೊಟ್ರಯ್ಯನವರಿಗೆ ಎಂದು ಮಾತು ಕೊಟ್ಟುಬಿಟ್ಟೆ. ನಿನಗೆ ಬರೆಯುವ ಧೈರ್ಯವಾಗಲಿಲ್ಲ.

ನಿನ್ನ ಮೇಜಿನ ವಿಷಯ ಓದಿದೆ. ಮೆಟ್ಟಿಲ ಕೆಳಗೆ ತಂಪಾಗಿದೆ ಎಂದು ಬರೆದಿದ್ದೀಯ. ನಿನ್ನ 'ಮ'ದ ಬಾಲ ಗುರುತಿಸಿದವಳಿಗೆ ಇಷ್ಟು ಓದಲು ಬಾರದೇ? ನನ್ನ ಬೆಲ್ಲದ ದರ ಏರಲಿ ಎಂದು ನಾನು ಹರಕೆ ಹೊತ್ತದ್ದು ನಿಜ. ಅದು ನಿನ್ನ ಮೇಜಿನ ಮೇಲೆ ಹೋಗಿ ಬೀಳಲಿ ಎಂದಲ್ಲ. ಅಲ್ಲಿ ಎಣಿಸಲು ಏನೂ ಉಳಿಯದಿದ್ದರೆ ಬಂದುಬಿಡು. ಇಲ್ಲಿ ಈಗ ಎಣಿಸುವ ಕೆಲಸವಿದೆ. ನಿನ್ನ ಭಾವನ ಗೀಟು ನಂಬುವ ಹಾಗಿಲ್ಲ.

ಈ ಕಾಗದದ ಜೊತೆಗೆ ನೂರು ಅಚ್ಚು ಬರುತ್ತವೆ. ಒಂಬತ್ತು ದಿನ ಅಟ್ಟದ ಮೇಲೆ ಇಟ್ಟು, ದಿನವೂ ಬಾರಿಸಿ ನೋಡಿಯೇ ಕಳಿಸಿದ್ದೇನೆ. ನೀನೂ ಬಾರಿಸು. ಮುದುಕರ ಕಿವಿಗೂ ಹಿಡಿ. ಮೂಟೆಯ ಮೇಲೆ ನಾನೇ ನೀಲಿ ಮಸಿಯಲ್ಲಿ ಒಂದು 'ಮ' ಬರೆದಿದ್ದೇನೆ, ಬಾಲ ಸಹಿತ. ನಲವತ್ತು ವರ್ಷಕ್ಕೆ ನಾನೂ ತಪ್ಪು ಅಕ್ಷರ ಕಲಿತೆ.

ಇನ್ನು ಆ ಚಕ್ಕಡಿಯ ಸಂಗತಿ. ಸಂಕ್ರಾಂತಿ ಮುಗಿದ ವಾರ ಮುಂಜಾನೆ ಕೊಟ್ರಯ್ಯನವರು ನಾಲ್ಕು ಆಳುಗಳ ಜೊತೆ ಬಂದರು. ಕಡಾಯಿಯನ್ನು ಒಲೆಯಿಂದ ಎತ್ತಿದರು. ಬಾಗಿಲಿನವರೆಗೆ ತಂದರು. ಅದು ಬಾಗಿಲಲ್ಲಿ ಹಿಡಿಯಲಿಲ್ಲ. ಅವ್ವ ಕಡಾಯಿಯನ್ನು ಮೊದಲು ಇಟ್ಟು ಆಮೇಲೆ ಗೋಡೆ ಕಟ್ಟಿಸಿದ್ದಳಂತೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಡ್ಡ ಮಾಡಿದರು, ಓರೆ ಮಾಡಿದರು. "ಬಾಗಿಲ ಚೌಕಟ್ಟು ಕೀಳಬೇಕ್ರೀ" ಎಂದು ಒಬ್ಬ ಹಾರೆ ತಂದ. ನಿನ್ನ ಭಾವ, "ಕೀಳ್ರಿ, ಗಾಳಿನಾದ್ರೂ ಬರ್ಲಿ" ಎಂದವರೇ ಗೋಡೆಯ ಗೀಟುಗಳ ಕಡೆ ತಿರುಗಿ ನಿಂತರು. ನಾನು ಖಾಲಿ ಒಲೆಯ ಮುಂದೆ ಕೂತುಬಿಟ್ಟೆ. ಬಾಯಿಗೆ ಬೇರೇನೂ ಬರದೆ ಅದೇ ಸಾಲು ಬಂತು. ಏಳು ಕಡಲಾಚೆ ಸಿಹಿಯಿಲ್ಲ, ಏಳು ಕಡಲಾಚೆ ಸಿಹಿಯೆಲ್ಲ. ಎರಡೂ ಹೇಳಿ ನೋಡಿದೆ. ಅಳುತ್ತಿದ್ದೆನೋ ಏನೋ, ಸ್ವಲ್ಪ ಗಟ್ಟಿಯಾಗಿಯೇ ಹೇಳಿರಬೇಕು.

ಹಾರೆಯ ಸದ್ದಿಗೆ ಹೊಳೆಮ್ಮ ಬಂದಿದ್ದಳು. ಒಂದು ವರ್ಷದಿಂದ ಮಾತಿಲ್ಲ. ಒಳಗೆ ಬರಲಿಲ್ಲ. ಕಡಾಯಿಯ ಆ ಕಡೆ, ಬಾಗಿಲ ಹೊರಗೆ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಏನಂದಿ? ಇನ್ನೊಮ್ಮೆ ಅನ್ನು" ಅಂದಳು. ಅಂದೆ. ಅವಳು ಮೊದಲು ಕಡಾಯಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಕ್ಕಳು ನೋಡು, ಹಾರೆ ಹಿಡಿದವನು ಹಾರೆ ಕೆಳಗಿಟ್ಟ. ಬಾಗಿಲಲ್ಲಿ ನಿಂತು ಅವಳು ಅಂದದ್ದನ್ನು ಒಂದು ಅಕ್ಷರ ಬಿಡದೆ ಬರೆಯುತ್ತಿದ್ದೇನೆ:

"ಕಡಲು ಅಂತ ಯಾರು ಹೇಳಿದ್ರು ನಿಂಗ, ಹುಚ್ಚಿ? ಕಡಾಯಿ! 'ಏಳು ಕಡಾಯಾಚಿ ಸಿಹಿಯಿಲ್ಲ, ಎತ್ತು ಬಿಚ್ಚೋ ಬಸವಣ್ಣ' ಅಂತ ಪದ ಅದು. ಮುಂಜಾನಿ ಹಿಂಡಿದ ಕಬ್ಬಿನಹಾಲು ಏಳರ ತನಕ ತಡೀತೈತಿ, ಎಂಟಕ್ಕ ಹುಳಿ ತಿರುಗ್ತೈತಿ. ಗಾಣದಾಗ ಇದ್ದೋರಿಗೆಲ್ಲ ನೆನಪಿರ್ಲಿ ಅಂತ ಹಾಡಾಕಿ ನಿಮ್ಮವ್ವ. ಕಡಲಂತ, ಕಡಲು! ಗಂಗಾವತಿ ಸಂತಿಗೆ ಹರಗೋಲು ಹತ್ತಿದ್ರ ಕಣ್ಣು ಮುಚ್ಚಿ ನನ್ನ ಸೆರಗು ಹಿಡಕೊಂತಿದ್ಲು. ಆಕಿಗೆ ಒಂದು ಹೊಳಿನ ಭಾಳ ಆಗಿತ್ತು, ಏಳು ಕಡಲು ಎಲ್ಲಿಂದ ತರ್ತಾಳ? ಸರೀರಲೇ ಅತ್ಲಾಗ, ಆ ಕಡಾಯಿ ಒಲಿ ಮ್ಯಾಲ ಇಡ್ರಿ, ನನ್ನ ಸಟ್ಟುಗ ಎಲ್ಲೈತಿ?"